ಸೌಂಡ್ ಇಲ್ಲದ ಲ್ಯಾಪ್‌ಟಾಪ್

ಬಿ.ಸಿ.ರೋಡಿಗೆ ದಿನದಲ್ಲಿ ಒಂದೇ ಒಂದು ಸಲ ಮೌನ ಬಂದು ಹೋಗುತ್ತದೆ. ನಸುಕಿನ ಸುಬಹಿ ನಮಾಜಿನ ಬಾಂಗ್ ಮುಗಿದ ಮೇಲೆ, ಮೊದಲ ಖಾಸಗಿ ಬಸ್ಸಿನ ಡ್ರೈವರ್ ಇಂಜಿನಿಗೆ ಜೀವ ಕೊಡುವ ಮೊದಲು. ಆಮೇಲೆ ಕತ್ತಲಾಗುವವರೆಗೆ ಇಲ್ಲಿ ಮೌನಕ್ಕೆ ಫುಟ್‌ಬೋರ್ಡಿನಲ್ಲಿಯೂ ಜಾಗ ಸಿಗುವುದಿಲ್ಲ. ಹಾಸಿಗೆ ಅಂಗಡಿಯ ಮಾಳಿಗೆಯಲ್ಲಿ ಯಾಕೂಬ್ ಬ್ಯಾರಿ ಆ ಸಣ್ಣ ಸಂದಿಗಾಗಿಯೇ ಕಾದು ನಿಂತಿದ್ದಾರೆ. ಕಿವಿ ರಸ್ತೆಯ ಕಡೆಗೆ, ತೋರುಬೆರಳು ಸೂರಿನ ಕಡೆಗೆ. ಬೆರಳು ಇಳಿದರೆ ಹಾಡಬೇಕು. ಅಲ್ಲಿಯವರೆಗೆ ಕೆಮ್ಮು ಬಂದರೂ ನುಂಗಬೇಕು.

ನುಂಗುತ್ತಾ ನಿಂತಿರುವವನು ಅಸ್ಕರ್. ಹಗಲು ಸ್ಕೂಟರಿನಲ್ಲಿ ಮೀನು ಮಾರುತ್ತಾನೆ, ಬಿಡುವಿದ್ದಾಗ ಬ್ಯಾರಿ ಮದುವೆಗಳಲ್ಲಿ ಹಾಡುತ್ತಾನೆ.

"ಬೆರಳು ಇಳಿಸಿ ಯಾಕೂಬಾಕ. ಮೀನಿನ ಧಕ್ಕೆಯಲ್ಲಿ ಬಂಗುಡೆ ನನಗೆ ಬೇಕಾಗಿ ಕಾಯುವುದಿಲ್ಲ."

"ಬಂಗುಡೆ ಕಾಯದಿದ್ದರೆ ಬೂತಾಯಿ ಕಾಯ್ತದೆ. ನೀನು ಮೊದಲು ಬಾಯಿ ಮುಚ್ಚು."

ಬೆರಳು ಇಳಿಯುತ್ತದೆ. ಅಸ್ಕರನ ಗಂಟಲಿನಿಂದ ಮೀನಿನ ವಾಸನೆಯ ಲವಲೇಶವೂ ಇಲ್ಲದ ಹಾಡೊಂದು ಹೊರಡುತ್ತದೆ. ಮದುಮಗಳ ಕೈಗೆ ಮದರಂಗಿ ಹಚ್ಚುವ ಸಾಲು ಮುಗಿಯಬೇಕು, ಅಷ್ಟರಲ್ಲಿ ಕೆಳಗಿನಿಂದ "ಪೋಂ... ಪೊಪ್ಪೊಪ್ಪೋಂ!" ಯಾಕೂಬ್ ಕಣ್ಣು ಬಿಡದೆಯೇ ಹೇಳುತ್ತಾರೆ, "ಸಿದ್ಧಕಟ್ಟೆ ಬಸ್ಸು." ಅದರ ಹಿಂದೆಯೇ ಕಂಡಕ್ಟರನ ಪಾರಾಯಣ: "ಸಿದ್ಧಕಟ್ಟೆ ಮೂಡ್‌ಬಿದ್ರೆ ಮೂಡ್‌ಬಿದ್ರೆ ಮೂಡ್‌ಬಿದ್ರೇ!" ಆಚೆಯವನದು "ಪುಂಜಾಲ್ಕಟ್ಟೆ ಬೆಳ್ತಂಗ್ಡಿ ಬೆಳ್ತಂಗ್ಡಿ ಬೆಳ್ತಂಗ್ಡೀ!" ರೆಕಾರ್ಡಿಂಗ್ ಇವತ್ತಿಗೆ ಮುಗಿಯಿತು. ಮದರಂಗಿ ಅರ್ಧ ಕೈಗೇ ನಿಂತಿತು.

ಬೇರೆ ದಿನವಾದರೆ ಯಾಕೂಬ್ ಆ ಹಾರ್ನಿಗೆ ಬ್ಯಾರಿ ಭಾಷೆಯಲ್ಲಿ ಏನಾದರೊಂದು ಹೇಳುತ್ತಿದ್ದರು. ಇವತ್ತು ಹೇಳುವುದಿಲ್ಲ. ಮೂಡುಬಿದಿರೆಗೆ ಹೋದ ಆ ಬಸ್ಸು ತಿರುಗಿ ಬರುವಾಗ ಸಿದ್ಧಕಟ್ಟೆಯಿಂದ ಗದ್ದೆಯಲ್ಲಿ ಹಾಡುವ ಕಾವೇರಮ್ಮನವರನ್ನು ಹತ್ತಿಸಿಕೊಂಡು ಬರುತ್ತದೆ. ಅವರಿಗೆ ಕೇಳಿಸಲೆಂದು ಒಂದು ಹಾಡು ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ತಯಾರಾಗಿ ಕೂತಿದೆ. ಆ ಲ್ಯಾಪ್‌ಟಾಪಿಗೆ ಬಾಯಿ ಬರುವುದಿಲ್ಲ. ಮನೆಯವರೆಲ್ಲ ಅದನ್ನು ಮೌನಿ ಎಂದೇ ಕರೆಯುತ್ತಾರೆ. ಹಾಡಿನ ಕಾರ್ಖಾನೆಗೆ ಮೌನಿಯೊಬ್ಬ ಕೆಲಸಕ್ಕೆ ಸೇರಿದ ಕತೆಯೇ ಯಾಕೂಬರ ಕತೆ.

ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಬೋರ್ಡು ಕಾಣುತ್ತದೆ: ಶಾಂತಿ ರೆಕಾರ್ಡಿಂಗ್ ಸೆಂಟರ್. ಊರಿನ ಅತಿ ಗದ್ದಲದ ಜಾಗದಲ್ಲಿ ಶಾಂತಿ ಯಾಕೆ ಎಂದು ಯಾಕೂಬರನ್ನು ಕೇಳಿದರೆ, "ಶಾಂತಿ ನನ್ನದಲ್ಲ, ಟೈಲರಿಂದು" ಎನ್ನುತ್ತಾರೆ. ಮೊದಲು ಇಲ್ಲಿದ್ದದ್ದು ಶಾಂತಿ ಟೈಲರ್ಸ್. ಖರ್ಚು ಕಡಿಮೆಯಾಗಲೆಂದು ಯಾಕೂಬ್ 'ಟೈಲರ್ಸ್' ಮೇಲೆ ಮಾತ್ರ ಬಣ್ಣ ಬಳಿಸಿದರು. ಈಗಲೂ ವರ್ಷಕ್ಕೊಮ್ಮೆ ಯಾರಾದರೂ ಪ್ಯಾಂಟು ಗಿಡ್ಡ ಮಾಡಿಸಲು ಮೆಟ್ಟಿಲು ಹತ್ತಿ ಬರುತ್ತಾರೆ. "ಹಾಡು ಗಿಡ್ಡ ಮಾಡಿ ಕೊಡ್ತೇನೆ, ಆಗ್ತದಾ?" ಎಂದು ಕೇಳಿ ಚಹಾ ಕುಡಿಸಿ ಕಳಿಸುತ್ತಾರೆ.

ಫರಂಗಿಪೇಟೆಯ ಯಾಕೂಬ್ ಈ ಕೆಲಸಕ್ಕೆ ಇಳಿದದ್ದು ತೊಂಬತ್ತರ ದಶಕದಲ್ಲಿ, ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುವುದರಿಂದ. ಹಾಡಿಗಿಂತ ಹೆಚ್ಚು ತುಂಬಿಸಿದ್ದು ಮಾತು. ಗಂಡ ಗಲ್ಫಿನಲ್ಲಿರುವ ಹೆಂಗಸರು ಬರುತ್ತಿದ್ದರು. ಕಾಗದ ಬರೆಯುವಷ್ಟು ಅಕ್ಷರ ಕೆಲವರಿಗೆ ಇರಲಿಲ್ಲ, ಅಕ್ಷರ ಇದ್ದವರಿಗೆ ಕಾಗದದಲ್ಲಿ ಅಳಲು ಬರುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಎರಡೂ ಆಗುತ್ತಿತ್ತು. ಯಾಕೂಬ್ ಟೇಪಿನ ಗುಂಡಿ ಒತ್ತಿ, ಬಾಗಿಲು ಹಾಕಿ, ಹೊರಗೆ ಹೋಗಿ ನಿಲ್ಲುತ್ತಿದ್ದರು.

"ಒತ್ತಿದ ಮೇಲೆ ನಾನು ಅಲ್ಲಿ ಇರಬಾರದು. ಇದ್ದರೆ ಅವರು ನನ್ನ ಹತ್ತಿರ ಮಾತಾಡ್ತಾರೆ, ಗಂಡನ ಹತ್ತಿರ ಅಲ್ಲ. ಒತ್ತುವುದು ಯಾರಿಗೂ ಬರ್ತದೆ ಮಾರಾಯ್ರೆ. ಒತ್ತಿ ಆಚೆ ಹೋಗುವುದು ಉಂಟಲ್ಲ, ಅದು ಕೆಲಸ" ಎನ್ನುತ್ತಾರೆ ಅವರು.

ಮೊಬೈಲು ಬಂತು, ಮಾತಿನ ಕ್ಯಾಸೆಟ್ಟು ಹೋಯಿತು. ಸಿ.ಡಿ. ಬಂತು, ಹಾಡಿನ ಕ್ಯಾಸೆಟ್ಟೂ ಹೋಯಿತು. ಯಾಕೂಬ್ ಹಳೆಯ ಕಂಪ್ಯೂಟರೊಂದನ್ನು ತಂದು, ಗೋಡೆಗೆ ಕೆಳಗಿನ ಅಂಗಡಿಯ ಹಾಸಿಗೆ ಚೂರುಗಳನ್ನು ಹೊಡೆದು, ಮದುವೆ ಹಾಡು, ನಾಟಕದ ಹಾಡು, ಜೀಪಿನಲ್ಲಿ ಕೂಗುವ ಪ್ರಚಾರ ಎಲ್ಲವನ್ನೂ ರೆಕಾರ್ಡ್ ಮಾಡಲು ಶುರುಮಾಡಿದರು. ಅವರ ಜೀವಮಾನದ ಶತ್ರುವಿನ ಪರಿಚಯವಾದದ್ದು ಆಗಲೇ. ಸಂಗೀತ ಲೋಕದಲ್ಲಿ ಎಲ್ಲರೂ ಹಾತೊರೆಯುವುದು ಫ್ಯಾನ್‌ಗಳಿಗಾಗಿ. ಫ್ಯಾನ್ ಬೇಡವೇ ಬೇಡ ಎನ್ನುವವರು ಬಂಟ್ವಾಳ ತಾಲೂಕಿನಲ್ಲಿ ಇವರೊಬ್ಬರೇ.

ಕಂಪ್ಯೂಟರಿನ ಹೊಟ್ಟೆ ಬಿಸಿಯಾಗದಂತೆ ಒಳಗೊಂದು ಪುಟ್ಟ ಫ್ಯಾನ್ ತಿರುಗುತ್ತಿರುತ್ತದೆಯಲ್ಲ, ಅದು ನಮ್ಮ ಕಿವಿಗೆ ಬೀಳದಿದ್ದರೂ ಮೈಕಿನ ಕಿವಿಗೆ ಬೀಳುತ್ತದೆ. "ಗುಂಯ್‌ಯ್‌ಯ್" ಎಂದು ಪ್ರತಿ ಹಾಡಿನ ಹಿಂದೆಯೂ ಒಂದು ದುಂಬಿ. ಮದುಮಗನ ಮಾವನೊಬ್ಬರು ಸಿ.ಡಿ. ತಿರುಗಿ ತಂದು, "ಹಾಡು ಚಂದ ಉಂಟು. ಹಿಂದೆ ಮಿಕ್ಸಿಯಲ್ಲಿ ಮಸಾಲೆ ಕಡೆಯುವುದು ಯಾರು?" ಎಂದು ಕೇಳಿದ್ದರು. ಯಾಕೂಬ್ ಕಂಪ್ಯೂಟರನ್ನು ಬಾಲ್ಕನಿಯಲ್ಲಿಟ್ಟು ನೋಡಿದರು, ಮಳೆ ಬಂತು. ಒಳಗೆ ತಂದು ದಪ್ಪ ಕಂಬಳಿ ಹೊದಿಸಿದರು. ಆ ಕಂಬಳಿಯ ವಿಷಯ ಅವರ ಹೆಂಡತಿ ನಬೀಸಾ ಅವರಿಂದಲೇ ಕೇಳಬೇಕು: "ನನ್ನ ತವರಿಂದ ಬಂದ ಕಂಬಳಿ ಅದು. ನನಗೆ ಜ್ವರ ಬಂದಾಗ ಹೊದಿಸಿದವರಲ್ಲ, ಕಂಪ್ಯೂಟರಿಗೆ ಹೊದಿಸಿದರು. ಅದು ಸೆಕೆಯಾಗಿ ತಲೆತಿರುಗಿ ಬಿತ್ತು. ಕಂಬಳಿಯೂ ಸುಟ್ಟಿತು."

ಇಷ್ಟರಲ್ಲೇ ನಿಂತಿದ್ದರೆ ಫ್ಯಾನಿನ ಜಗಳ ಮನೆ ಜಗಳವಾಗಿ ಮುಗಿಯುತ್ತಿತ್ತು. ಆದರೆ ಎರಡು ಮಳೆಗಾಲದ ಹಿಂದೆ ಸಿದ್ಧಕಟ್ಟೆಯ ಹತ್ತಿರ ಬಸ್ಸಿನ ಟಯರು ಪಂಕ್ಚರ್ ಆಯಿತು. ಪ್ರಯಾಣಿಕರೆಲ್ಲ ಬಸ್ಸಿನ ಮಾಲಕನ ವಂಶಾವಳಿಯನ್ನು ವಿಚಾರಿಸುತ್ತಿದ್ದಾಗ ಯಾಕೂಬ್ ಕೆಳಗಿಳಿದು ಗದ್ದೆಯ ಬದುವಿನಲ್ಲಿ ನಿಂತರು. ಕೆಳಗೆ ಬಗ್ಗಿದ ಬೆನ್ನುಗಳ ಸಾಲು. ಸಾಲಿನ ನಡುವಿನಿಂದ ಒಂದು ಸ್ವರ ಎದ್ದು, ಉಳಿದವರ ಸ್ವರದ ಮೇಲೆ ಕೂತು, ಮತ್ತೆ ಕೆಸರಿಗೆ ಇಳಿಯುತ್ತಿತ್ತು. ನೇಜಿ, ಅಂದರೆ ಭತ್ತದ ಸಸಿ ನೆಡುವಾಗ ಹೆಂಗಸರು ಹಾಡುವ ತುಳು ಪದ ಅದು, ಓಬೇಲೆ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಸೊಲ್ಲು ಎತ್ತುತ್ತಾರೆ, ಎಲ್ಲರೂ ಸಸಿ ಊರುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಟಯರು ಹಾಕಿ ಆಯಿತು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ಯಾಕೂಬ್ ಹತ್ತಿರಲಿಲ್ಲ.

ಆ ಸ್ವರ ಕಾವೇರಮ್ಮನವರದು, ಆ ಗದ್ದೆ ಅವರ ಗಂಡ ಡೊಂಬಯ್ಯನವರದು. ಯಾಕೂಬ್ ಕರೆದರು, ಇಬ್ಬರೂ ಒಂದು ದಿನ ಬಿ.ಸಿ.ರೋಡಿಗೆ ಬಂದರು. ಕಾವೇರಮ್ಮ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮೈಕಿನ ಎದುರು ಮದುಮಗಳ ಹಾಗೆ ನಿಂತರು. ಬಾಯಿ ತೆರೆದರೆ ಬುಟ್ಟಿಯಡಿ ಸಿಕ್ಕಿದ ಬೆಕ್ಕಿನ ಸ್ವರ. ಅವರಿಗೇ ನಾಚಿಕೆಯಾಯಿತು.

"ಪದ ತಲೆಯಲ್ಲಿ ಇರುವುದಲ್ಲ ಬ್ಯಾರಿಗಳೇ, ಕಾಲಿನಲ್ಲಿ ಇರುವುದು. ಕೆಸರು ಮುಟ್ಟಿದರೆ ಮೇಲೆ ಬರ್ತದೆ."

ಬೇರೆ ಯಾರಾದರೂ ಆಗಿದ್ದರೆ ಇದನ್ನು ಒಂದು ಚಂದದ ಮಾತು ಎಂದು ತಲೆಯಾಡಿಸುತ್ತಿದ್ದರು. ಯಾಕೂಬ್ ಮುಂದಿನ ವಾರ ನೇತ್ರಾವತಿಯ ದಡದಿಂದ ಆಟೋದಲ್ಲಿ ಕೆಸರು ತರಿಸಿ, ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ತುಂಬಿಸಿ, ಮೈಕಿನ ಎದುರು ಇಟ್ಟರು. ಕಾವೇರಮ್ಮ ಸೀರೆ ಎತ್ತಿ ಕಟ್ಟಿ ಟಬ್ಬಿನೊಳಗೆ ನಿಂತರು. ಡೊಂಬಯ್ಯ ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಟಬ್ಬಿನ ತಳದಲ್ಲಿ ಬಿರುಕಿತ್ತೋ ಏನೋ, ನೀರು ಮಾಳಿಗೆಯ ಹಲಗೆ ಸಂದಿನಿಂದ ಇಳಿದು ಕೆಳಗೆ ಹೊಸ ಹಾಸಿಗೆಯ ಮೇಲೆ ಬಿತ್ತು. ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ಕೇಳಿದರು, "ಯಾಕೂಬ್, ಮೇಲೆ ಗದ್ದೆ ಮಾಡಿದ್ದೀಯಾ?"

"ಹೌದು" ಎಂದರು ಯಾಕೂಬ್.

ಇಷ್ಟಾದರೂ ಪದ ಬರಲಿಲ್ಲ. ಕಾವೇರಮ್ಮ ಟಬ್ಬಿನಲ್ಲಿ ಒಂದು ಹೆಜ್ಜೆ ಹಿಂದಿಟ್ಟರು, ಹಿಮ್ಮಡಿ ಪ್ಲಾಸ್ಟಿಕ್ಕಿಗೆ ತಾಗಿತು. "ಕೆಸರು ಸರಿ ಉಂಟು. ಆದರೆ ಹಿಂದೆ ಹೋಗ್ಲಿಕ್ಕೆ ಜಾಗ ಎಲ್ಲಿ?" ಎಂದು ಕೇಳಿದರು. ಹಾಡು ಸ್ಟುಡಿಯೋಕ್ಕೆ ಬರುವುದಿಲ್ಲ, ಸ್ಟುಡಿಯೋವೇ ಹಾಡಿನ ಹತ್ತಿರ ಹೋಗಬೇಕು ಎಂಬುದು ಯಾಕೂಬರಿಗೆ ಆಗ ತಿಳಿಯಿತು.

ಹೋದ ವರ್ಷ ಅವರು ಹಳೆಯ ಟೇಪ್‌ರೆಕಾರ್ಡರ್ ಹೊತ್ತು ಗದ್ದೆಗೆ ಹೋದರು. ಮಳೆಯ ತೇವಕ್ಕೆ ರೀಲು ಅಂಟಿ ಕ್ಯಾಸೆಟ್ಟು ತೂಕಡಿಸಿತು. ಕೇಳಿಸಿದಾಗ ಕಾವೇರಮ್ಮನ ಸ್ವರ ದಪ್ಪಗಾಗಿ, ಎಳೆದೆಳೆದು ಗುಹೆಯಿಂದ ಬಂದಂತೆ ಬಂತು. ಡೊಂಬಯ್ಯ ಬೆಚ್ಚಿದರು. "ಇದು ನನ್ನ ಹೆಂಡತಿ ಅಲ್ಲ, ನನ್ನ ಮಾವ! ಸತ್ತು ಹೋದವರನ್ನು ಎಲ್ಲಿಂದ ಕರೆದುಕೊಂಡು ಬಂದ್ರಿ ಬ್ಯಾರಿಗಳೇ?" ನಗು ಮುಗಿದ ಮೇಲೆ ಅದೇ ಜಗಲಿಯಲ್ಲಿ ಕೂತು ಇನ್ನೊಂದು ಮಾತನ್ನೂ ಹೇಳಿದರು. ಬರುವ ವರ್ಷದ ಏಣೆಲು, ಅಂದರೆ ಮಳೆಗಾಲದ ಬೆಳೆ, ಈ ಗದ್ದೆಯಲ್ಲಿ ಕೊನೆಯದು. ನೆಡಲು ಜನ ಸಿಗುವುದಿಲ್ಲ. ಕೊಯ್ಲು ಆದ ಮೇಲೆ ಮಣ್ಣು ತುಂಬಿಸಿ ಅಡಿಕೆ ಸಸಿ ಇಡುವುದೆಂದು ನಿಶ್ಚಯವಾಗಿದೆ.

"ಪದಕ್ಕೆ ಬೇಕಾಗಿ ಗದ್ದೆ ಇಡ್ಲಿಕ್ಕೆ ಆಗ್ತದಾ, ನೀವೇ ಹೇಳಿ" ಎಂದರು ಡೊಂಬಯ್ಯ. ಯಾಕೂಬರಿಗೆ ಉಳಿದದ್ದು ಒಂದೇ ಮಳೆಗಾಲ. ಅದು ತಪ್ಪಿದರೆ ಆ ಪದಕ್ಕೆ ಕಾಲೂರಲು ಜಾಗವೇ ಇಲ್ಲ.

ಹೀಗೆ ಲ್ಯಾಪ್‌ಟಾಪಿನ ಹುಡುಕಾಟ ಶುರುವಾಯಿತು. ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಯು.ಎಸ್.ಬಿ. ಪೆಟ್ಟಿಗೆಯೊಂದು ಅವರ ಹತ್ತಿರ ಮೊದಲೇ ಇತ್ತು. ಅದನ್ನು ಸಿಕ್ಕಿಸಲು ಬಸ್ಸಿನಲ್ಲಿ ಹೊತ್ತೊಯ್ಯುವಂಥ ಯಂತ್ರ ಬೇಕು. ಬ್ಯಾಟರಿ ಒಂದು ಗದ್ದೆಯ ನಾಟಿ ಮುಗಿಯುವವರೆಗೆ ಉಸಿರು ಹಿಡಿಯಬೇಕು. ಒಟ್ಟಿಗೆ ಎರಡು ಮೂರು ಮೈಕಿನ ಭಾರ ಹೊರಲು ರ‍್ಯಾಮ್ ಸಾಕಷ್ಟಿರಬೇಕು. "ಒಳಗೆ ರಾಮ್ ಗಟ್ಟಿ ಇದ್ದರೆ ಹೊರಗೆ ರಹೀಮನಿಗೂ ಸುಖ" ಎಂದು ಅಂಗಡಿಯಲ್ಲಿ ಹೇಳಿ ಅವರೊಬ್ಬರೇ ನಕ್ಕಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಮಾತ್ರ ಯಾವ ಜಾಹೀರಾತಿನಲ್ಲೂ ಬರೆದಿರುವುದಿಲ್ಲ: ಫ್ಯಾನ್ ಕೇಳಿಸಬಾರದು.

ಹಲಸಿನಕಾಯಿ ಕೊಳ್ಳುವವರು ತಟ್ಟಿ ನೋಡುವ ಹಾಗೆ ಯಾಕೂಬ್ ಲ್ಯಾಪ್‌ಟಾಪನ್ನು ಕಿವಿಯಿಂದ ನೋಡುತ್ತಿದ್ದರು. ಕಣ್ಣು ಮುಚ್ಚಿ ಕೀಲಿಗಳ ಮೇಲೆ ಕೆನ್ನೆ ಇಟ್ಟು ಮಲಗಿದಂತೆ. ಬೆಳ್ತಂಗಡಿಯ ಅಂಗಡಿಯಲ್ಲಿ ಒಬ್ಬ ಗಿರಾಕಿ ಮೆಲ್ಲಗೆ ಕೇಳಿದ, "ಜ್ವರ ಎಷ್ಟುಂಟು ಡಾಕ್ಟ್ರೆ?" ಮಂಗಳೂರಿನ ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗ ಬಣ್ಣ ತೋರಿಸಿದ, ಕ್ಯಾಮೆರಾ ತೋರಿಸಿದ.

"ಸೌಂಡ್ ಹೇಗುಂಟು?" ಎಂದು ಕೇಳಿದರು ಯಾಕೂಬ್.

"ಸೌಂಡಾ? ಸೂಪರ್ ಸೌಂಡ್ ಸರ್! ಇಡೀ ಮನೆಗೆ ಕೇಳ್ತದೆ!"

"ಹಾಗಾದ್ರೆ ಬೇಡ."

ಹುಡುಗ ಟೈ ಸಡಿಲ ಮಾಡಿಕೊಂಡ. ಮೂಡುಬಿದಿರೆಯ ಅಂಗಡಿಯವರು ಮಾತ್ರ ಮರ್ಯಾದಸ್ಥರು. ಟಿ.ವಿ. ನಿಲ್ಲಿಸಿದರು, ತಲೆಯ ಮೇಲಿನ ಫ್ಯಾನ್ ನಿಲ್ಲಿಸಿದರು. ಆದರೂ ಸಮಾಧಾನವಾಗದಿದ್ದಾಗ ಲ್ಯಾಪ್‌ಟಾಪ್ ಸಮೇತ ಯಾಕೂಬರನ್ನು ಹಿಂದಿನ ಗೋದಾಮಿಗೆ ಬಿಟ್ಟು ಬಾಗಿಲು ಎಳೆದರು. ಸ್ವಲ್ಪ ಹೊತ್ತಿನ ಮೇಲೆ ಹೊರಬಂದ ಯಾಕೂಬ್ ವರದಿ ಒಪ್ಪಿಸಿದರು, "ಫ್ಯಾನ್ ಉಂಟು. ನಿಮ್ಮಲ್ಲಿ ಇಲಿಯೂ ಉಂಟು." ಸದ್ದಿಲ್ಲದ ಒಂದೆರಡು ಯಂತ್ರಗಳು ಸಿಕ್ಕಿದವು. ಅವುಗಳ ಬೆಲೆ ಕೇಳಿ ಯಾಕೂಬರ ಸದ್ದೂ ನಿಂತಿತು.

ಉಳಿದದ್ದು ಇರ್ಷಾದ್. ನಬೀಸಾ ಅವರ ತಮ್ಮ, ಸೌದಿಯ ದಮ್ಮಾಮಿನಲ್ಲಿ ಜ್ಯೂಸ್ ಅಂಗಡಿಯಲ್ಲಿದ್ದಾನೆ. ಜುಲೈಯಲ್ಲಿ ರಜೆಗೆ ಬರುವವನಿದ್ದ. ಅಲ್ಲಿ ಒಮ್ಮೆ ಬಳಸಿದ ಲ್ಯಾಪ್‌ಟಾಪುಗಳು ಸಸ್ತಾಕ್ಕೆ ಸಿಗುತ್ತವೆ. ಯಾಕೂಬ್ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕೂಗಿ ಹೇಳಿದರು.

"ಸೌಂಡ್ ಇಲ್ಲದ್ದು ನೋಡಿ ತಾ!"

"ಎಂತ ಭಾವ? ಸೌಂಡ್ ಬೇಡವಾ?"

"ಬೇಡ! ಸ್ವಲ್ಪವೂ ಬೇಡ! ಫ್ಯಾನಿನ ಸೌಂಡ್ ಮಾರಾಯ, ಫ್ಯಾ..."

ಪೋಂ, ಪೊಪ್ಪೊಪ್ಪೋಂ. ಅದೇ ಬಸ್ಸು. 'ಫ್ಯಾನ್' ಎಂಬ ಶಬ್ದ ಸಿದ್ಧಕಟ್ಟೆ ಬಸ್ಸು ಹತ್ತಿ ಹೋಯಿತು, ದಮ್ಮಾಮಿಗೆ ತಲುಪಿದ್ದು ಉಳಿದದ್ದು ಮಾತ್ರ.

ಇರ್ಷಾದ್ ಬಂದ ದಿನ ಮನೆಯೆಲ್ಲ ಅತ್ತರಿನ ಪರಿಮಳ. ಖರ್ಜೂರ, ಸೋಪು, ಕಂಬಳಿಯ ಅಡಿಯಿಂದ ಲ್ಯಾಪ್‌ಟಾಪ್ ಹೊರಬಂತು. ನಬೀಸಾ ಮೊದಲು ಕಂಬಳಿಯನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಯಾಕೂಬ್ ಗುಂಡಿ ಒತ್ತಿ, ಕೆನ್ನೆ ಇಟ್ಟು, ಕಣ್ಣು ಮುಚ್ಚಿದರು. ಇಲ್ಲ, ಗುಂಯ್ ಇಲ್ಲ. ದುಂಬಿ ಇಲ್ಲ. ಅವರ ಮುಖದಲ್ಲಿ ಪೆರ್ನಾಳ್ ಹಬ್ಬದ ಚಂದ್ರ ಕಂಡ ಹಾಗಾಯಿತು. ಆಮೇಲೆ ಹಾಡೊಂದನ್ನು ಹಾಕಿದರು. ಅದೂ ಇಲ್ಲ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಚಿತ್ರಕ್ಕೆ ಕೆಂಪು ಗೆರೆ.

"ಕರೆಕ್ಟ್ ಉಂಟಲ್ಲ ಭಾವ?" ಇರ್ಷಾದನ ಎದೆ ಉಬ್ಬಿತ್ತು. "ನಿಮಗೆ ಬೇಕಾಗಿ ಎಷ್ಟು ಅಂಗಡಿ ತಿರುಗಿದ್ದೇನೆ ಗೊತ್ತುಂಟಾ? ಸೌಂಡ್ ಇಲ್ಲದ್ದು ಕೊಡಿ ಅಂದ್ರೆ ನಗಾಡ್ತಾರೆ. ಕೊನೆಗೆ ಒಬ್ಬ ಮಲಯಾಳಿ ಒಳಗಿಂದ ಇದನ್ನು ತಂದ. ಸೌಂಡ್ ಕಾರ್ಡ್ ಸುಟ್ಟುಹೋಗಿದೆಯಂತೆ. ಒಂದು ಚೂರೂ ಬರುವುದಿಲ್ಲ, ಗ್ಯಾರಂಟಿ ಅಂದ."

ಒಂದು ಮನೆಯಲ್ಲಿ ಇಬ್ಬರು ಮೌನಿಗಳಾದರು, ಲ್ಯಾಪ್‌ಟಾಪ್ ಮತ್ತು ಯಾಕೂಬ್. ಡೊಂಬಯ್ಯನವರ ಗದ್ದೆ ಉಳುಮೆಯಾಗಿ, ನೇಜಿ ಕೀಳಲು ಬಂದಿತ್ತು. ಮಂಗಳವಾರ ನಾಟಿ ಎಂದು ಹೇಳಿ ಕಳಿಸಿದ್ದರು. ಬೇರೆ ಯಂತ್ರಕ್ಕೆ ಹೊತ್ತೂ ಇಲ್ಲ, ದಾರಿಯೂ ಇಲ್ಲ. ಇರ್ಷಾದ್ ಸಂಗತಿ ತಿಳಿದು ಖರ್ಜೂರದ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೂತ. ಆಗ ಬಾಯಿ ಬಿಟ್ಟವರು ನಬೀಸಾ.

"ನಿಮ್ಮ ಆ ಮೈಕಿನ ಪೆಟ್ಟಿಗೆ ಇದಕ್ಕೆ ಕಟ್ಟಿ ನೋಡಿ. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಮಾತು ಬಾರದಿದ್ದರೆ ಮಾವ ಮಾತಾಡುವುದಿಲ್ವಾ? ಹಾಗೆ."

ಯಾಕೂಬ್ ನಂಬದೆಯೇ ಪೆಟ್ಟಿಗೆ ಸಿಕ್ಕಿಸಿದರು. ಅದರ ಸಿ.ಡಿ. ಹಾಕಿದರು, ಎರಡು ಸಲ ಆರಿಸಿ ಹೊತ್ತಿಸಿದರು, ಹೆಡ್‌ಫೋನನ್ನು ಪೆಟ್ಟಿಗೆಗೆ ಚುಚ್ಚಿದರು. ಮೈಕಿನ ಎದುರು ನಬೀಸಾ "ಹಲೋ, ಕಂಬಳಿ, ಕಂಬಳಿ" ಎಂದರು. ಹೆಡ್‌ಫೋನಿನಲ್ಲಿ ಕಂಬಳಿ ಸ್ಪಷ್ಟವಾಗಿ ಕೇಳಿಸಿತು, ಹಿಂದೆ ದುಂಬಿಯಿಲ್ಲದೆ. ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಸತ್ತಿದ್ದರೂ ಪೆಟ್ಟಿಗೆಗೆ ಅದರ ಹಂಗಿಲ್ಲ. ಬಾಯಿ ಇಲ್ಲದಿದ್ದರೇನು, ಕಿವಿ ಎರವಲು ಸಿಕ್ಕಿತು.

ಮಂಗಳವಾರ ಸಿದ್ಧಕಟ್ಟೆಯ ಬದುವಿನಲ್ಲಿ ಒಂದು ವಿಚಿತ್ರ ಕಂಡವರಿದ್ದಾರೆ. ಮಳೆಗೆ ಬಗ್ಗಿ ನೆಡುವವರು ಬೆನ್ನ ಮೇಲೆ ಹೊರುವ ಎಲೆಯ ಹೊದಿಕೆ ಕೊರಂಬು ಉಂಟಲ್ಲ, ಅದನ್ನು ಹೊದ್ದು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಕೂತಿತ್ತು. ಅದರ ಮೇಲೆ ಕೊಡೆ ಹಿಡಿದು ಗಲ್ಫಿನ ಅಂಗಿಯ ಇರ್ಷಾದ್. ತಪ್ಪಿಗೆ ತಕ್ಕ ಶಿಕ್ಷೆ. ಬಿದಿರಿನ ಕೋಲುಗಳಿಗೆ ಮೈಕು ಕಟ್ಟಿ, ಗಾಳಿಯ ಸದ್ದು ಬೀಳದಂತೆ ಇರ್ಷಾದನದೇ ಕಾಲುಚೀಲ ತೊಡಿಸಿದ್ದರು. "ಬ್ಯಾರಿಗಳ ಮೈಕಿಗೆ ಚಳಿಯಾ?" ಎಂದು ಹೆಂಗಸರು ನಕ್ಕರು. ನಕ್ಕರೇ ಹೊರತು ಹಾಡಲಿಲ್ಲ. ಎಲ್ಲರ ಕಣ್ಣೂ ಮೈಕಿನ ಮೇಲೆ.

ಯಾಕೂಬ್ ಗುಂಡಿ ಒತ್ತಿದರು. "ಇನ್ನೂ ಶುರು ಆಗಲಿಲ್ಲ ಅಕ್ಕ, ರಿಪೇರಿ ಉಂಟು. ನೀವು ನೆಡಿ" ಎಂದು ಹೇಳಿ, ಪ್ಯಾಂಟು ಮೇಲಕ್ಕೆ ಮಡಚಿ ಗದ್ದೆಗೇ ಇಳಿದು ನೇಜಿಯ ಕಟ್ಟು ಹೊರಲು ನಿಂತರು. ಒತ್ತಿ ಆಚೆ ಹೋಗುವ ಹಳೆಯ ಕೆಲಸ. ಕೆಸರಿನಲ್ಲಿ ಬ್ಯಾರಿ ಎರಡು ಸಲ ಜಾರಿದ್ದನ್ನು ನೋಡಿ ಹೆಂಗಸರು ಮೈಕನ್ನು ಮರೆತರು. ಒಂದು ಸಾಲು ನೆಟ್ಟರು, ಇನ್ನೊಂದು ನೆಟ್ಟರು. ಯಾವಾಗಲೋ ಕಾವೇರಮ್ಮನ ಕಾಲಿನಿಂದ ಪದ ಮೇಲೆ ಬಂತು.

ಮಳೆ ಬಂತು, ಹೋಯಿತು. ಪದ ನಿಲ್ಲಲಿಲ್ಲ. ನಡುವೆ ಪರದೆಯ ಮೇಲೆ ಬ್ಯಾಟರಿಯ ಕೆಂಪು ಗುರುತು ಕಂಡು ಇರ್ಷಾದ್ ಕೈ ಬೀಸಿದ. ದೂರದಲ್ಲಿದ್ದ ಯಾಕೂಬ್ ಎಲ್ಲ ಸುಖವಾಗಿದೆ ಎಂದುಕೊಂಡು ತಿರುಗಿ ಕೈ ಬೀಸಿದರು. ಬಾಯಿದ್ದ ಯಂತ್ರವಾಗಿದ್ದರೆ ಟಿಂಗ್ ಎಂದು ಕೂಗಿ ಪದಕ್ಕೆ ಅಡ್ಡ ಬರುತ್ತಿತ್ತು. ಇದು ಕೂಗಲಿಲ್ಲ. ಪದ ಮುಗಿದು ಹೆಂಗಸರು ಸೊಂಟ ನೆಟ್ಟಗೆ ಮಾಡಿ ಕೂ ಹಾಕಿದರು. ಯಾಕೂಬ್ ಬದು ಹತ್ತಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಡೊಂಬಯ್ಯನವರ ಮನೆಯಲ್ಲಿ ಕರೆಂಟು ಇರಲಿಲ್ಲ. ಪದ ಒಳಗೆ ಉಳಿಯಿತೋ ಹೋಯಿತೋ ಹೇಳುವವರಿಲ್ಲ. ಬಿ.ಸಿ.ರೋಡಿನವರೆಗೆ ಬಸ್ಸಿನಲ್ಲಿ ಯಾಕೂಬ್ ಅದನ್ನು ಚೀಲಕ್ಕೂ ಹಾಕದೆ ತೊಡೆಯ ಮೇಲೆ, ಜ್ವರದ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದರು. ಲ್ಯಾಪ್‌ಟಾಪ್ ಎಂಬ ಹೆಸರು ಸಾರ್ಥಕವಾದದ್ದು ಅವತ್ತು.

ವೈರು ಚುಚ್ಚಿದಾಗ ಅದು ನಿದ್ದೆಯಿಂದ ಎದ್ದಂತೆ ಎದ್ದಿತು. ಪದ ಪೂರ್ತಿ ಇತ್ತು.

ಮಳೆಗಾಲದ ಆಟಿ ತಿಂಗಳು ಕಳೆದಿದೆ. ಊರಿನ ನಾಟಿಗಳೆಲ್ಲ ಮುಗಿದು ಈಗ ಬಿಡುವಾಗಿ, ಇವತ್ತು ಕಾವೇರಮ್ಮ ಗಂಡನೊಡನೆ ಮೆಟ್ಟಿಲು ಹತ್ತಿ ಬರುತ್ತಾರೆ. ಬಂದವರೇ, "ಟಬ್ಬು ಎಲ್ಲಿ ಬ್ಯಾರಿಗಳೇ?" ಎಂದು ಕೇಳುತ್ತಾರೆ. ನಬೀಸಾ ಕೊಟ್ಟ ಚಹಾ ಕುಡಿಯುತ್ತಾರೆ. ಯಾಕೂಬ್ ಅವರ ತುರುಬಿಗೆ ತಾಗದಂತೆ ಹೆಡ್‌ಫೋನ್ ಇಡುತ್ತಾರೆ, ಗುಂಡಿ ಒತ್ತುತ್ತಾರೆ, ಎಂದಿನಂತೆ ಮುಖ ಆಚೆ ತಿರುಗಿಸುತ್ತಾರೆ.

ಮೊದಲು ಕಾವೇರಮ್ಮ ಕಣ್ಣು ಮುಚ್ಚುತ್ತಾರೆ. ಆಮೇಲೆ ಅವರ ಹೆಬ್ಬೆರಳು ನಾರಿನ ಚಾಪೆಯನ್ನು ಒತ್ತುತ್ತದೆ. ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ. ವೈರು ಬಿಗಿಯಾಗುತ್ತದೆ. ಯಾಕೂಬ್ ಲ್ಯಾಪ್‌ಟಾಪನ್ನೂ ಪೆಟ್ಟಿಗೆಯನ್ನೂ ಎರಡು ಕೈಯಲ್ಲಿ ಎತ್ತಿಕೊಂಡು, ವೈರು ಎಳೆಯದ ಹಾಗೆ, ಅವರು ಹಿಂದೆ ಹೋದಷ್ಟು ತಾವು ಮುಂದೆ ಹೋಗುತ್ತಾರೆ. ಕೋಣೆ ಮುಗಿಯುತ್ತಾ ಬಂದಾಗ ಡೊಂಬಯ್ಯ ಎದ್ದು, ಹೆಂಡತಿಯ ಬೆನ್ನ ಹಿಂದಿನ ಬಾಲ್ಕನಿಯ ಬಾಗಿಲನ್ನು ತೆರೆದು ಹಿಡಿಯುತ್ತಾರೆ.

ಪದ ಮುಗಿಯುತ್ತದೆ. ಕಾವೇರಮ್ಮ ಕಣ್ಣು ಬಿಟ್ಟು ಗಂಡನನ್ನು ನೋಡುತ್ತಾರೆ. ಸ್ವರದ ಬಗ್ಗೆ ಒಂದು ಮಾತೂ ಆಡುವುದಿಲ್ಲ.

"ನನ್ನ ಕಾಲು ಕೇಳ್ತದೆ. ಕೆಸರಿಂದ ಎತ್ತುವಾಗ ಪಚಕ್, ಪಚಕ್ ಅಂತ. ಅದು ನನ್ನದೇ."

ಯಾಕೂಬ್ ತಲೆಯಾಡಿಸುತ್ತಾರೆ. ಎರಡು ಸಾಲಿನ ನಡುವೆ, ಎಲ್ಲರೂ ಉಸಿರು ಎಳೆದುಕೊಳ್ಳುವಲ್ಲಿ, ಕೆಸರು ಕಾಲನ್ನು ಬಿಟ್ಟುಕೊಡುವ ಆ ಸಣ್ಣ ಸದ್ದು ಉಂಟು. ಅಲ್ಲೊಂದು ಫ್ಯಾನಿನ ದುಂಬಿ ಇದ್ದಿದ್ದರೆ ಆ ಪಚಕ್ ಕೇಳುತ್ತಿರಲಿಲ್ಲ. ಕೊಯ್ಲಿನ ಹೊತ್ತಿಗೆ ಒಂದು ಒಳ್ಳೆಯ ಬ್ಯಾಟರಿ ಸಿಕ್ಕಿದರೆ ಇನ್ನೊಮ್ಮೆ ಗದ್ದೆಗೆ ಹೋಗುವ ಆಸೆ ಅವರಿಗೆ. ಅಷ್ಟೇ. ಈ ಹಾಡಿನ ಸಿ.ಡಿ. ಮಾಡಿದರೆ ಮೇಲೆ ಯಾರ ಹೆಸರು ಹಾಕುವುದು ಎಂದು ಡೊಂಬಯ್ಯ ಕೇಳುತ್ತಾರೆ.

"ಅಕ್ಕನ ಹೆಸರು ಹಾಕುವ. ನೆಟ್ಟವರ ಹೆಸರು ಹಾಕುವ. ನನ್ನದು ಎಂತಕ್ಕೆ?" ಎನ್ನುತ್ತಾ ಯಾಕೂಬ್ ಮೌನಿಯ ಮುಚ್ಚಳ ಮುಚ್ಚುತ್ತಾರೆ. ಕೆಳಗೆ ಸಿದ್ಧಕಟ್ಟೆ ಬಸ್ಸು ಹಾರ್ನ್ ಹೊಡೆಯುತ್ತದೆ. ಅದು ನಿಲ್ಲುವವರೆಗೆ ಕಾದು, ಆಮೇಲೆ ಮೆಲ್ಲಗೆ ಹೇಳುತ್ತಾರೆ, "ಇಡೀ ಪದ ಕೇಳಿ ನೋಡಿ. ನಾನು ಎಲ್ಲಿಯೂ ಕೇಳಿಸುವುದಿಲ್ಲ."